ಇಬ್ಬರಿಗೂ ಒಂದೇ ಕೋಣೆ ಕೇಳಿದ ಅಚಿಯೆಂಗ್

ಮೆಲ್ಬರ್ನ್ ಹೊರವಲಯದ ಟ್ರುಗನಿನಾ ಬಡಾವಣೆಯ ಗೋದಾಮುಗಳ ಹಿಂದೆ ಇನ್ನೂ ಬೆಳಕು ಹರಿದಿಲ್ಲ. ವೃದ್ಧರ ಆರೈಕೆ ಕೇಂದ್ರದ ಬಚ್ಚಲಲ್ಲಿ ಅಚಿಯೆಂಗ್ ಅಜ್ಜಿಯೊಬ್ಬರ ಬೆನ್ನಿಗೆ ಬಿಸಿನೀರು ಹೊಯ್ಯುತ್ತಾ ಏನೋ ಗುನುಗುತ್ತಿದ್ದಾರೆ. ಹಾಡಲ್ಲ, ಕವಿತೆ. "ನೀರು ಮುಗಿಯೋದ್ರೊಳಗೆ ಸಾಲು ಕೂಡ್ಬೇಕು. ಕೂಡ್ಲಿಲ್ಲ ಅಂದ್ರೆ ಮುಂದಿನ ಅಜ್ಜಿ ಇದ್ದಾರಲ್ಲ," ಎಂದು ನಗುತ್ತಾರೆ. ಬೆಳಗಿನ ಪಾಳಿಯಲ್ಲಿ ಎಂಟು ಮಂದಿಯ ಸ್ನಾನ ಇವರ ಪಾಲಿನದು.

ಹುಟ್ಟೂರು ಕೀನ್ಯಾದ ಕಿಸುಮು. ತಂಗಿ ಅಚಿಯೆಂಗ್ ಪ್ರೀತಿಸಿದ್ದು ಹೆಣ್ಣನ್ನು ಎಂದು ತಿಳಿದ ದಿನವೇ ಅಣ್ಣಂದಿರು ಬಾಗಿಲು ಮುಚ್ಚಿದರು. ಮೆಲ್ಬರ್ನಿನಲ್ಲಿ ಕಪ್ಪು ಮೈಬಣ್ಣ ನೋಡಿ ಮನೆ ಬಾಡಿಗೆಗೆ ಕೊಡಲು ಹಿಂದೇಟು ಹಾಕಿದವರೂ ಉಂಟು. ಎರಡೂ ನೋವು ಕವಿತೆಗಳಾದವು. ಕೆಫೆಗಳಲ್ಲಿ, ಸಿಡ್ನಿಯಲ್ಲಿ ನಡೆಯುವ ಸಲಿಂಗಿಗಳ ಮೆರವಣಿಗೆಗಳಲ್ಲಿ ತಾನು ಲೆಸ್ಬಿಯನ್ ಎಂದು ಹೇಳಿಕೊಂಡೇ ಅವನ್ನು ಓದಿದರು. ಮನೆಯವರು ಹೊರಹಾಕಿದ ಹುಡುಗಿಯರಿಗೆ ಇವರ ಸೋಫಾವೇ ಹಾಸಿಗೆ. ಸಂಗಾತಿ ಮಿರೆಂಬೆ ಸಿಕ್ಕಿದ್ದೂ ಸಿಡ್ನಿಯ ಮೆರವಣಿಗೆಯಲ್ಲೇ. ಆಕೆ ಈಗಲೂ ಅಲ್ಲಿನ ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿದ್ದು ಬಸ್ ಓಡಿಸುತ್ತಾರೆ.

ಹೋದ ಚಳಿಗಾಲದಲ್ಲಿ ಬೆವರ್ಲಿ ಮತ್ತು ಗ್ವೆನ್ ಎಂಬ ಇಬ್ಬರು ವೃದ್ಧೆಯರು ಕೇಂದ್ರಕ್ಕೆ ಬಂದರು. ಹರೆಯದಿಂದಲೂ ಒಂದೇ ಮನೆಯಲ್ಲಿ ಬಾಳಿದವರು. ಬೆವರ್ಲಿಯ ಸಂಬಂಧಿಕ "ಅವರು ಬರೀ ಫ್ರೆಂಡ್ಸ್" ಎಂದ. ಮ್ಯಾನೇಜರ್ ಬೇರೆ ಬೇರೆ ಮಹಡಿಯಲ್ಲಿ ಇರಿಸಿದರು. ಗ್ವೆನ್ ಊಟ ಬಿಟ್ಟರು.

ಕೇಂದ್ರದಲ್ಲಿರುವ ವೃದ್ಧರ ಕುಟುಂಬದವರ ಸಭೆಯಲ್ಲಿ ಅಚಿಯೆಂಗ್ ಎದ್ದು ನಿಂತು, ಗ್ವೆನ್ ಹೇಳಿದ ಮಾತಿನಿಂದಲೇ ಕಟ್ಟಿದ ಕವಿತೆ ಓದಿದರು:

"ಅವಳ ಕೆಮ್ಮು ಕೇಳದೆ ನನಗೆ ನಿದ್ದೆ ಹತ್ತದು.
ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ?"

ಜೊತೆಗೆ ದುಡಿಯುವ ಉಡುಪಿಯ ಪ್ರೇಮಾವತಿ ಅಂದು ಅಲ್ಲಿದ್ದರು. "ನಮಗೆ ಯಾಕೆ ಇದೆಲ್ಲ ಅಂತ ನಾನು ತಲೆ ತಗ್ಗಿಸಿ ಕೂತಿದ್ದೆ ಮಾರಾಯ್ರೆ. ಮತ್ತೆ ಗ್ವೆನ್ ಮುಖ ನೋಡಿದೆ. ನಾಳೆ ನನ್ನನ್ನೂ ನಮ್ಮ ಮನೆಯವರನ್ನೂ ಹೀಗೆ ಬೇರೆ ಮಾಡಿದ್ರೆ? ಒಟ್ಟಿಗೆ ಇರ್ಲಿ ಅಂತ ನಾನೂ ಎದ್ದು ಹೇಳಿದೆ."

ಸಭೆಯ ಬಳಿಕ ಮ್ಯಾನೇಜರ್ ಅಚಿಯೆಂಗರ ಶಿಫ್ಟುಗಳನ್ನು ಕಡಿಮೆ ಮಾಡಿದರು. ಆದರೆ ಸಭೆಯಲ್ಲಿದ್ದ ಉಳಿದ ವೃದ್ಧರ ಮನೆಮಂದಿ, ಇಬ್ಬರನ್ನೂ ಒಟ್ಟಿಗೆ ಇರಿಸಬೇಕೆಂಬ ಪಟ್ಟು ಸಡಿಲಿಸಲಿಲ್ಲ. ಕೊನೆಗೂ ಇಬ್ಬರಿಗೂ ಒಂದೇ ಕೋಣೆ ಸಿಕ್ಕಿತು. ಮಂಚಗಳನ್ನು ಜೋಡಿಸಿದ್ದು ಅಚಿಯೆಂಗ್ ಮತ್ತು ಪ್ರೇಮಾವತಿ. ಬೆವರ್ಲಿ ಕಣ್ಣು ಮುಚ್ಚಿದ ಮುಂಜಾನೆ ಗ್ವೆನ್ ಪಕ್ಕದಲ್ಲೇ ಇದ್ದರು.

ಕವನ ಸಂಕಲನ ಇನ್ನೂ ಬಂದಿಲ್ಲ. ಅದೇ ನಿಮ್ಮ ಆಸೆಯಿರಬೇಕು ಎಂದರೆ ಅಚಿಯೆಂಗ್ ಅಲ್ಲವೆಂದು ತಲೆಯಾಡಿಸುತ್ತಾರೆ. "ನಾನೂ ಒಂದಿನ ಇಂಥ ಜಾಗಕ್ಕೆ ಬರ್ತೀನಲ್ಲ. 'ನಿಮ್ಮವರು ಯಾರು' ಅಂತ ಕೇಳ್ತಾರೆ. ಮಿರೆಂಬೆ ಅಂತೀನಿ. ಅವ್ರು ಸುಮ್ನೆ ಬರ್ಕೊಂಡು ಮುಂದಿನ ಪ್ರಶ್ನೆ ಕೇಳ್ಬೇಕು. ಅಷ್ಟೇ."