ಅವಳು ಬೇಡವೆಂದ ಈಜುಡುಗೆ

ನಾನು ಈಜು ಕಲಿತದ್ದು ಬಸರಾಳಿನ ಹತ್ತಿರದ ನಮ್ಮೂರ ಕೆರೆಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಮೈಮೇಲೆ ಅಣ್ಣನ ಹಳೆಯ ಚಡ್ಡಿ, ಅಂಗಿ. ದೊಡ್ಡವಳಾದ ಮೇಲೆ ಅದೂ ನಿಂತಿತು. ಮತ್ತೆ ನೀರಿಗಿಳಿದದ್ದು ನಲವತ್ತು ದಾಟಿದ ಮೇಲೆ, ಮಂಡ್ಯದ ಈಜುಕೊಳದಲ್ಲಿ. ಇಳಿಸಿದವಳು ನನ್ನ ಗೆಳತಿ.

ಮಳವಳ್ಳಿ ಕಡೆಯವಳು ಅವಳು. ಮದ್ದೂರಿನಲ್ಲಿ ನಾನು ಪಾಠ ಮಾಡುವ ಶಾಲೆಗೆ ಆಟದ ಮೇಡಂ ಆಗಿ ಬಂದಿದ್ದಳು. ಮೊದಲ ದಿನ ನಾನು ಚೂಡಿದಾರದಲ್ಲೇ ಕೊಳದ ಮೆಟ್ಟಿಲ ಮೇಲೆ ನಿಂತಾಗ, "ಇದ್ನ ಆಕಂಡು ಇಳುದ್ರೆ ನೀರೇ ನಿನ್ನ ಇಡ್ಕತದೆ ಕಣೆ" ಎಂದು ನಕ್ಕು, ತನ್ನದೊಂದು ಹಳೆಯ ಈಜುಡುಗೆ ಕೊಟ್ಟಳು. ಅದನ್ನು ತೊಟ್ಟು ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬರಲಾರದೆ ಅಳುತ್ತಾ ಕುಳಿತೆ. ಬಾಗಿಲಾಚೆಯಿಂದ ಅವಳ ದನಿ ಕೇಳಿತು: "ನೀರ್ನಾಗೆ ಯಾರೂ ಯಾರ್ನೂ ನೋಡಕಿಲ್ಲ. ಬಾ."

ಆ ಮಾತಿಗೆ ನಾನು ಅವಳನ್ನು ಪೂರ್ತಿ ನಂಬಿಬಿಟ್ಟೆ. ಅಮ್ಮನಿಗೂ ಹೇಳದ ಸಂಗತಿಗಳನ್ನು ಅವಳಿಗೆ ಹೇಳಿದೆ. ಹೆರಿಗೆಯಾದ ಮೇಲೆ ನನ್ನ ಗಂಡ ನನ್ನ ತೊಡೆ ನೋಡಿ, "ಏನೇ, ಬಾಳೆದಿಂಡಾಗವಲ್ಲೇ" ಎಂದು ತಮಾಷೆ ಮಾಡಿದ್ದನ್ನೂ, ಅಂದಿನಿಂದ ನಾನು ಕನ್ನಡಿಯಲ್ಲಿ ಎದೆಯಿಂದ ಮೇಲಕ್ಕಷ್ಟೇ ನೋಡಿಕೊಳ್ಳುವುದನ್ನೂ.

ಮೈಸೂರಿನಲ್ಲಿ ವಯಸ್ಕರ ಈಜುಸ್ಪರ್ಧೆ ಇದೆಯೆಂದು ತಿಳಿದಾಗ ಇಬ್ಬರೂ ಐವತ್ತು ಮೀಟರ್ ಫ್ರೀಸ್ಟೈಲಿಗೆ ಹೆಸರು ಕೊಟ್ಟೆವು. ಈಜುಡುಗೆ ಕೊಳ್ಳಲು ಒಟ್ಟಿಗೇ ಮೈಸೂರಿಗೆ ಹೋದೆವು. ಅಂಗಡಿಯವನು ಮಂಡಿಯವರೆಗೆ ಬರುವ ಕಪ್ಪು ಉಡುಗೆಯೊಂದನ್ನು ತೆಗೆದು ಕೊಟ್ಟ. ತೆಳ್ಳಗೆ, ನುಣ್ಣಗೆ, ಎಳೆದರೆ ಹಿಗ್ಗಿ ಬಿಟ್ಟರೆ ತಟ್ಟನೆ ಕುಗ್ಗುತ್ತಿತ್ತು. "ರೇಸಿಗೇ ಮಾಡಿರೋದು ಮೇಡಂ, ನೀರು ಕುಡಿಯಲ್ಲ. ನಿಮ್ಮ ಸೈಜಲ್ಲಿ ಇದೊಂದೇ ಉಳಿದಿದೆ" ಎಂದ. ನನಗೆ ಅದನ್ನು ಕೈಯಿಂದ ಬಿಡಲು ಮನಸ್ಸಾಗಲಿಲ್ಲ.

ಗೆಳತಿ ಕಿವಿಯ ಹತ್ತಿರ ಬಂದಳು. "ಬ್ಯಾಡ ಕಣೆ. ನಿನ್ ತೊಡೆಗೆ ಇದು ಒಪ್ಪಕಿಲ್ಲ. ನಿಮ್ಮೆಜಮಾನ್ರು ಏನಂದಿದ್ರು ಅಂತ ನೀನೇ ಏಳಿಲ್ವಾ?"

ನಾನು ಅದನ್ನು ಮಡಿಸಿಟ್ಟೆ. ಅವಳು ಆರಿಸಿದ್ದು ಸೊಂಟಕ್ಕೆ ಲಂಗದಂಥ ನೆರಿಗೆ ಇದ್ದ ನೀಲಿ ಉಡುಗೆ. "ಒಂದ್ ಸೈಜು ದೊಡ್ಡದೇ ತಗ. ಬಿಗಿಯಾದ್ರೆ ಉಸ್ರು ಕಟ್ತದೆ" ಎಂದಳು. ಒದ್ದೆಯಾದರೆ ಈಜುಡುಗೆ ಇನ್ನಷ್ಟು ಸಡಿಲವಾಗುತ್ತದೆ, ಅದಕ್ಕೇ ಒಣಗಿದ್ದಾಗ ಬಿಗಿಯಾಗಿಯೇ ಇರಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ಅವಳೇ. ಆಗ ನನಗದು ಹೊಳೆಯಲಿಲ್ಲ.

ಸ್ಪರ್ಧೆಯ ದಿನ ಅವಳು ಟವೆಲ್ ಸುತ್ತಿಕೊಂಡೇ ಬಂದಳು. ಹೆಸರು ಕೂಗಿದ ಮೇಲೆ ಟವೆಲ್ ತೆಗೆದಳು. ಒಳಗೆ ಆ ಕಪ್ಪು ಉಡುಗೆ. ನನ್ನ ಕಡೆ ತಿರುಗದೆ ಈಜುಕನ್ನಡಕ ಸರಿಮಾಡಿಕೊಂಡಳು.

ಸೀಟಿ ಊದಿದ್ದು ನನಗೆ ದೂರದಿಂದ ಕೇಳಿದಂತಾಯಿತು. ಹಾರಿದೊಡನೆ ನೆರಿಗೆಯೊಳಗೆ ಗಾಳಿ ಹೊಕ್ಕು ಕೊಡೆಯಂತೆ ಉಬ್ಬಿತು. ಕಾಲು ಬಡಿದಾಗಲೆಲ್ಲ ಬಟ್ಟೆ ತೊಡೆಗೆ ಸುತ್ತಿಕೊಂಡಿತು. ಭುಜದ ಪಟ್ಟಿ ಜಾರುತ್ತಲೇ ಇತ್ತು, ಒಂದು ಕೈ ಈಜಿಗಿಂತ ಹೆಚ್ಚಾಗಿ ಅದನ್ನು ಹಿಡಿಯಲು ಬೇಕಾಯಿತು. ಕಟ್ಟೆ ಮುಟ್ಟಿ ತಲೆ ಎತ್ತಿದಾಗ ಉಳಿದವರೆಲ್ಲ ಮೇಲೇರಿದ್ದರು. ಅವಳಿಗೆ ಮೊದಲ ಸ್ಥಾನ.

ವಾಪಸು ರೈಲಿನಲ್ಲಿ ಪಾಂಡವಪುರ ದಾಟಿದ ಮೇಲೆ ನಾನೇ ಕೇಳಿದೆ.

"ಅದ್ನ ಯಾವಾಗ ತಂದೆ?"

"ಮಾರ್ನೇ ದಿನ ಓಗಿ ತಂದೆ. ನೀನು ಬುಟ್ಟಿದ್ದೆ, ನಾನ್ ತಗಂಡೆ."

"ನಾನ್ ಬುಡ್ಲಿಲ್ಲ ಕಣೆ. ನೀನು ಬುಡ್ಸುದ್ದು."

ಅವಳು ಕಿಟಕಿಯ ಕಡೆ ತಿರುಗಿದಳು. "ಕೊಳ್ದಲ್ಲಿ ದಿನಾ ನೀನೇ ಮುಂದೆ ಓಯ್ತಿದ್ದೆ. ಈಜ್ನೇ ಮರ್ತಿದ್ದೋಳ್ನ ನೀರಿಗೆ ಇಳಿಸ್ದೋಳು ನಾನು. ಒಂದ್ ಸಲ ನಾನ್ ಗೆದ್ರೆ ನಿಂಗೇನಾಯ್ತದೆ?"

ಏನೂ ಆಗುತ್ತಿರಲಿಲ್ಲ. ಗೆಲ್ಲಬೇಕು ಅಂತ ಅವಳು ಅಂದಿದ್ದರೆ ನಾನೇ ಆ ಉಡುಗೆಯನ್ನು ಅವಳ ಕೈಗಿಡುತ್ತಿದ್ದೆನೇನೋ. ಆದರೆ ನಾನು ನಂಬಿ ಹೇಳಿಕೊಂಡ ಮಾತನ್ನು ಅಷ್ಟು ದಿನ ಜೋಪಾನವಾಗಿಟ್ಟುಕೊಂಡು, ಬೇಕಾದ ಗಳಿಗೆಯಲ್ಲಿ ನನಗೇ ಚುಚ್ಚಿದ್ದಳಲ್ಲ. ಮದ್ದೂರಿನಲ್ಲಿ ಬೇರೆ ಬೇರೆ ಆಟೋ ಹತ್ತಿದೆವು.

ಮುಂದಿನ ತಿಂಗಳು ಒಬ್ಬಳೇ ಬೆಂಗಳೂರಿಗೆ ಹೋಗಿ ಮಂಡಿವರೆಗಿನ ಉಡುಗೆಯೊಂದನ್ನು ತಂದೆ. ಅಂಗಡಿಯಲ್ಲೇ ತೊಟ್ಟು, ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು, ಬೆನ್ನ ಹತ್ತಿರ ಬಟ್ಟೆ ಸಡಿಲವಾಗಿಲ್ಲವೆಂದು ನೋಡಿಕೊಂಡೆ. ಮನೆಯಲ್ಲಿ ಮತ್ತೆ ಹಾಕಿಕೊಳ್ಳಲು ಹೋದರೆ ಬೆವರಿದ ಮೈಗೆ ಅಂಟಿಕೊಂಡು ಸೊಂಟ ದಾಟಲಿಲ್ಲ. ಅತ್ತೆ ಬಂದು ಎರಡೂ ಕೈಯಲ್ಲಿ ಎಳೆದರು. "ಗೋಣಿಗೆ ಬತ್ತ ತುಂಬ್ದಂಗಾಯ್ತು ಕಣವ್ವ" ಅಂದರೇ ಹೊರತು ಬೇರೇನೂ ಕೇಳಲಿಲ್ಲ.

ಈಗ ನಾನು ಕೊಳಕ್ಕೆ ಸಂಜೆ ಹೋಗುತ್ತೇನೆ, ಅವಳು ಬೆಳಿಗ್ಗೆ. ಶಾಲೆಯಲ್ಲಿ ಮಧ್ಯಾಹ್ನ ಒಂದೇ ಮೇಜಿನ ಮುಂದೆ ಕೂರುತ್ತೇವೆ. ಅವಳು ತನ್ನ ಡಬ್ಬಿಯಿಂದ ನುಗ್ಗೆಸೊಪ್ಪಿನ ಪಲ್ಯ ಬಡಿಸುತ್ತಾಳೆ, ನಾನು ತಿನ್ನುತ್ತೇನೆ. ಮಕ್ಕಳು, ಪರೀಕ್ಷೆ, ಬಿಸಿಲು ಎಲ್ಲವನ್ನೂ ಮಾತಾಡುತ್ತೇವೆ. ನನ್ನ ಬಗ್ಗೆ ಮಾತ್ರ ನಾನು ಅವಳಿಗೆ ಏನನ್ನೂ ಹೇಳುವುದಿಲ್ಲ. ಅವಳೂ ಕೇಳುವುದಿಲ್ಲ.