ಬೆಳಕಿಗೆ ಬೆಳಕು ಕೂಡಿದಲ್ಲಿ

ಪುಣೆಗೆ ಬಂದ ಮೂರನೆಯ ದಿನವೇ ಬೆಳಕಿಗೆ ಬೆಳಕು ಸೇರಿ ಕತ್ತಲಾದುದನ್ನು ಕಂಡೆ. ಕಾಲೇಜಿನ ಭೌತಶಾಸ್ತ್ರದ ಕೋಣೆಯಲ್ಲಿ ಸಾಮಾನು ಜೋಡಿಸುವ ನೌಕರಿ ನನ್ನದು. ಪ್ರೊಫೆಸರರು ಉಪ್ಪು ಹಾಕಿದ ಹಳದಿ ಜ್ವಾಲೆಯ ಮುಂದೆ ಒಂದು ಸೀಳು, ಅದರಾಚೆ ಒತ್ತೊತ್ತಾಗಿ ಎರಡು ಸೀಳು ಇಟ್ಟು, ಮಸೂರದೊಳಗಿಂದ ನೋಡು ಎಂದರು. ಹಳದಿ ಪಟ್ಟಿ, ಕಪ್ಪು ಪಟ್ಟಿ, ಮತ್ತೆ ಹಳದಿ. ಆ ಎರಡರಲ್ಲಿ ಒಂದು ಸೀಳು ಮುಚ್ಚಿದರೆ ಕಪ್ಪು ಪಟ್ಟಿಗಳೆಲ್ಲ ಮಾಯ! ನಮ್ಮ ಬಾಗಲಕೋಟೆಯಲ್ಲಿ ಎರಡನೆಯ ದೀಪ ತಂದರೆ ಮನೆ ಇನ್ನಷ್ಟು ಬೆಳಗುತ್ತಿತ್ತು, ಅಷ್ಟೇ.

ನಾವಿದ್ದದ್ದು ವಾಡೆಯಲ್ಲಿ, ಅಂದರೆ ಒಂದೇ ಅಂಗಳದ ಸುತ್ತ ಹತ್ತು ಬಿಡಾರಗಳ ಮನೆ. ಹೆಂಡತಿ ಶಾರದೆಗೆ ಮರಾಠಿ ಬಾರದು. ಅವಳ ಮಾತಿಗೆ ನಾನೊಬ್ಬನೇ. ಕಂಡದ್ದನ್ನು ಹೇಳಿದೆ. ಎರಡು ದಿನ ಯೋಚಿಸಿ, ಅಂಗಳದ ನೀರಿನ ತೊಟ್ಟಿಯ ಬಳಿ ಕರೆದಳು. ಎರಡು ಬೆರಳಿನಿಂದ ಒಂದೇ ತಾಳಕ್ಕೆ ನೀರು ತಟ್ಟಿದಳು.

"ಇಲ್ಲಿ ನೋಡ್ರಿ. ಒಂದು ತೆರಿ ಏರೂವಾಗ ಇನ್ನೊಂದು ಇಳೀತದ. ಹಂಗ ಕೂಡಿದಲ್ಲಿ ನೀರು ಸುಮ್ಮನಾಗತದ. ನಿಮ್ಮ ಬೆಳಕೂ ಹಿಂಗ ಇರಬೇಕು."

ಮರುದಿನ ಪ್ರೊಫೆಸರರಿಗೆ ಅದನ್ನೇ ಹೇಳಿದೆ. ಅವರು ಬೆರಗಾದರು. "ಯಾರು ಹೇಳಿಕೊಟ್ಟರು?" ಎಂದು ಮರಾಠಿಯಲ್ಲಿ ಕೇಳಿದರು.

"ನಾನೇ ಯೋಚಿಸಿದೆ" ಎಂದೆ.

"ನನಗೂ ಒಮ್ಮೆ ಆ ಪಟ್ಟಿ ತೋರಸ್ರಿ" ಎಂದು ಶಾರದೆ ಕೇಳುತ್ತಲೇ ಇದ್ದಳು. ಮುಂದಿನ ಐತವಾರ ಎನ್ನುತ್ತಿದ್ದೆ. ಬಂದರೆ ನನ್ನ ಸುಳ್ಳು ಹೊರಬೀಳುತ್ತದೆಂಬ ಅಂಜಿಕೆ. ಹೀಗೇ ಐದು ಐತವಾರ ಕಳೆದವು. ಅಷ್ಟರಲ್ಲಿ ಇನ್‌ಫ್ಲುಯೆಂಜಾ ಜ್ವರ ಊರನ್ನೆಲ್ಲ ಹೊಕ್ಕಿತು.

"ಈ ಐತವಾರ ಹೋಗೂಣೇನ್ರಿ?" ಎಂದಳು, ಜ್ವರದ ಹಾಸಿಗೆಯಲ್ಲೇ.

"ಹೂಂ, ಖಂಡಿತ."

ಶುಕ್ರವಾರ ಮಧ್ಯಾಹ್ನ ಹೋಗಿಬಿಟ್ಟಳು.

ಹದಿನಾಲ್ಕನೆಯ ದಿನ ಪ್ರೊಫೆಸರರ ಮುಂದೆ ನಿಜ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು "ಆಕೆಯನ್ನು ಕರೆದುಕೊಂಡು ಬರಬೇಕಿತ್ತು" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಹೋದೆ. "ಇಲ್ಲೇ ಇರಪಾ, ಅಲ್ಲಿ ನಿನ್ನವರು ಯಾರದಾರ?" ಎಂದು ಅವ್ವ ಅತ್ತಳು. ಎಂಟನೆಯ ದಿನ ಹೊಸ ಹೆಣ್ಣಿನ ಮಾತು ತೆಗೆದಳು. ಮರುದಿನವೇ ಪುಣೆಯ ರೈಲು ಹತ್ತಿದೆ.

ಈಗ ಮನೆಯಲ್ಲಿ ಕನ್ನಡ ಆಡುವವರಿಲ್ಲ. ಸಂಜೆ, ಅವಳ ಬೂದಿ ಬಿಟ್ಟ ಮುಠಾ ನದಿಯ ಮೆಟ್ಟಿಲ ಮೇಲೆ ಕೂತು ಆ ದಿನದ ಸುದ್ದಿಯನ್ನು ಕನ್ನಡದಲ್ಲಿ ಹೇಳುತ್ತೇನೆ. ನಿನ್ನೆ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೇಳಿಸಿಕೊಂಡು, "ಗಾಂವ ಕುಠಲಂ, ಬಾಬಾ?" ಎಂದಳು. ಯಾವೂರು, ಅಂತ. ಬಾಯಿ ತೆರೆದೆ. ಯಾವ ಊರ ಹೆಸರು ಹೇಳಬೇಕೋ ತಿಳಿಯಲಿಲ್ಲ.