ಬದುಕಿದ್ದ ತಾತನಿಗೆ ಎಳ್ಳುನೀರು

೧೯೩೪ರ ಜನವರಿಯಲ್ಲಿ ನಾವು ಸಮುದ್ರ ನೋಡಲು ಕಲ್ಲಿಕೋಟೆಗೆ ಹೋದೆವು. ಅಪ್ಪ, ಅಮ್ಮ, ಅಜ್ಜಿ ಮತ್ತು ನಾನು. ನನಗೆ ಆಗ ಹದಿನಾರು ವರ್ಷ. ಮನೆಯ ಎರಡು ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದು ನನ್ನ ಕೆಲಸ; ದಿನಕ್ಕೆ ಎಷ್ಟು ಸುತ್ತಿದೆನೆಂದು ತಾರೀಖು ಹಾಕಿ ಬರೆದಿಡುವುದು ನನ್ನ ಚಟ. ಪ್ರವಾಸದ ಪುಟಗಳಲ್ಲಿ ಮಾತ್ರ ಕಂಡಿಕೆಯ ಲೆಕ್ಕವಿಲ್ಲ. ದೋಣಿಗಳ ಲೆಕ್ಕವಿದೆ, ಅಜ್ಜಿ ನೀರಿಗಿಳಿದದ್ದರ ಲೆಕ್ಕವಿದೆ.

ಆ ವರ್ಷ ಪೊಂಗಲ್ ಭಾನುವಾರ ಬಂತು, ಮರುದಿನವೇ ತೈ ತಿಂಗಳ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಹೇಗೂ ಎರಡು ದಿನ ಕೆಲಸವಿಲ್ಲ, ಇನ್ನೆರಡು ದಿನ ಸೇರಿಸಿಕೊಂಡರೆ ಸಮುದ್ರಸ್ನಾನ ಮಾಡಿ ಬರಬಹುದು ಎಂದು ಎಲ್ಲರನ್ನೂ ಹೊರಡಿಸಿದವಳು ಅಜ್ಜಿ. ತಾತ ಬೀದಿಯ ಕೆಲವು ಹಿರಿಯರ ಜೊತೆ ಕಾಶಿ, ಗಯೆಗೆ ಹೋಗಿದ್ದರು. ಅಷ್ಟು ದಿನ ರೈಲಿನಲ್ಲಿ ಕೂರಲು ಅಜ್ಜಿಯ ಸೊಂಟ ಒಪ್ಪಿರಲಿಲ್ಲ.

"ಅವರು ಗಂಗೇಲಿ ಮುಳುಗ್ಲಿ, ನಾವು ಸಮುದ್ರದಲ್ಲಿ ಮುಳುಗೋಣ. ಆ ಗಂಗೆ ಕಡೇಗೆ ಬಂದು ಬೀಳೋದು ಎಲ್ಲಿಗಂತೆ?" ಎಂದಳು.

ಪೊಂಗಲ್ ಉಂಡು ಕೊಯಮತ್ತೂರಿನ ಪಕ್ಕದ ಪೋತ್ತನೂರಿನಲ್ಲಿ ರೈಲು ಹತ್ತಿದೆವು. ಕಲ್ಲಿಕೋಟೆಯಲ್ಲಿ ಒಂದು ಛತ್ರದಲ್ಲಿ ಇಳಿದುಕೊಂಡು, ಬೆಳಗಾದ ಕೂಡಲೇ ಕಡಲ ದಡಕ್ಕೆ ಹೋದೆವು. ನಾವ್ಯಾರೂ ಅದುವರೆಗೆ ಸಮುದ್ರ ಕಂಡವರಲ್ಲ. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಆಮೇಲೆ, "ಇಷ್ಟು ಅಗಲಕ್ಕೆ ಯಾರು ಹಾಸುನೂಲು ಹೂಡಿದ್ರೋ" ಎಂದಳು. ಅಜ್ಜಿ ನನ್ನ ಕೈ ಹಿಡಿದು ನೀರಿಗಿಳಿದಳು. ಮೊದಲ ಅಲೆಗೇ ಕೂತುಬಿಟ್ಟಳು. ಬಾಯಿಗೆ ಹೋದ ಉಪ್ಪುನೀರನ್ನು ಉಗುಳುತ್ತಾ ನಗಲಾರಂಭಿಸಿದವಳು, ಎದ್ದು ಬಾ ಎಂದರೆ ಬರಲಿಲ್ಲ.

ಅಮಾವಾಸ್ಯೆಯಾದ್ದರಿಂದ ದಡದಲ್ಲಿ ಜನ ಸಾಲಾಗಿ ಕೂತು ಹಿರಿಯರಿಗೆ ಎಳ್ಳುನೀರು ಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಆ ಕೆಲಸ ತಾತನದು. ತಮ್ಮ ತಂದೆ, ಅಜ್ಜ, ಮುತ್ತಜ್ಜ, ಮೂವರ ಹೆಸರನ್ನೂ ತಾತ ಗೊಣಗುತ್ತಾ ಹೇಳುತ್ತಿದ್ದರು. ಅಪ್ಪ ತಂಬಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ತಂದೆ ಬದುಕಿರುವವನು ಎಳ್ಳು ಮುಟ್ಟುವಂತಿಲ್ಲ. ಅದು ಅಪ್ಪನಿಗೂ ಗೊತ್ತು. ಆದರೆ ತಾತ ಊರಲ್ಲಿಲ್ಲ, ಹಿರಿಯರು ಬರಿಬಾಯಲ್ಲಿ ಹೋಗಬಾರದು, ಮನೆಯ ಪರವಾಗಿ ಒಂದು ಬೊಗಸೆ ಬಿಟ್ಟರೆ ತಪ್ಪೇನು ಎಂದುಕೊಂಡು ಅವರು ಸಾಲಿನ ಕೊನೆಯಲ್ಲಿ ಕೂತರು. ಪುರೋಹಿತರು ಮಲಯಾಳದಲ್ಲಿ ಅವಸರಪಡಿಸುತ್ತಾ ಮೂರು ಹೆಸರು ಕೇಳಿದರು. ಅಪ್ಪ ತಮ್ಮ ಅಜ್ಜನ ಹೆಸರು ಹೇಳಿದರು, ಮುತ್ತಜ್ಜನ ಹೆಸರು ಹೇಳಿದರು. ಅದರಾಚೆಯ ಹೆಸರು ಬಾಯಿಗೆ ಬರಲಿಲ್ಲ. ಪುರೋಹಿತರು, "ಹೇಳು, ಹೇಳು" ಎಂದು ಕೈ ಆಡಿಸಿದರು. ಅಪ್ಪನ ನಾಲಗೆಯ ಮೇಲೆ ಉಳಿದಿದ್ದದ್ದು ಒಂದೇ ಹೆಸರು. ಅದನ್ನೇ ಹೇಳಿ ನೀರು ಬಿಟ್ಟರು.

ಎದ್ದು ಬಂದ ಅಪ್ಪನ ಮುಖ ನೋಡಿ ಅಜ್ಜಿ ಕೆದಕಿದಳು. ವಿಷಯ ತಿಳಿದ ಮೇಲೆ ಒದ್ದೆ ಸೀರೆಯಲ್ಲೇ ನಿಂತು ಬೈದಳು.

"ಏನೋ, ಅಲ್ಲಿ ನಿಮ್ಮಪ್ಪ ಗುಂಡುಕಲ್ಲಿನಂಗೆ ಕೂತು ಗಯೇಲಿ ಪಿಂಡ ಇಡ್ತಾ ಅವ್ರೆ, ಇಲ್ಲಿ ನೀನು ಅವ್ರಿಗೇ ಎಳ್ಳು ಬಿಟ್ಯಾ?"

"ಬಾಯಿ ತಪ್ಪಿ ಬಂತವ್ವಾ."

"ಸುಮ್ಮಾ ಕೂತಿದ್ರೆ ಯಾವ ಬಾಯೂ ತಪ್ಪಲ್ಲ."

ಅಮ್ಮ ಮುಖ ತಿರುಗಿಸಿಕೊಂಡು ನಕ್ಕಳು. ಅಜ್ಜಿಗೂ ನಗು ಬಂತು. ಅಪ್ಪ ಮಾತ್ರ ನಗಲಿಲ್ಲ. ಆ ದಿನ ಮಧ್ಯಾಹ್ನ ನಾವು ತೆಂಗಿನ ನೆರಳಲ್ಲಿ ಮಲಗಿದೆವು, ಸಂಜೆ ಮೀನುಗಾರರು ಬಲೆ ಒಣಗಿಸುವುದನ್ನು ನೋಡಿದೆವು. ಮರುದಿನವೂ ಹಾಗೇ ಸುಖವಾಗಿ ಕಳೆಯಿತು.

ಬುಧವಾರ ಬೆಳಿಗ್ಗೆ ತಿಂಡಿಗೆ ಹೋದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತಿದ್ದವರು ಪಾಲಕ್ಕಾಡಿನವರು. ತಮಿಳು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಸೋಮವಾರ ಮಧ್ಯಾಹ್ನ ಬಿಹಾರದಲ್ಲಿ ಭೂಮಿ ನಡುಗಿ ಊರೂರೇ ಬಿದ್ದಿವೆ, ತಂತಿ ಕಡಿದಿದೆ, ಸತ್ತವರ ಲೆಕ್ಕ ಸಿಕ್ಕಿಲ್ಲ ಎಂದಿತ್ತು. ಅಪ್ಪ ನಿರಾಳವಾಗಿ ಇಡ್ಲಿ ಮುರಿಯುತ್ತಲೇ, "ಪಾಪ. ಪುಣ್ಯಕ್ಕೆ ನಮ್ಮೋರು ಹೋಗಿರೋದು ಕಾಶಿಗಯೆಗೆ" ಎಂದರು. ನಮ್ಮ ಬೀದಿಯಲ್ಲಿ ಕಾಶಿ, ಗಯೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಂದೇ ಊರಿನ ಎರಡು ಬೀದಿಗಳೆಂದೇ ಬಹಳ ಮಂದಿಯ ನಂಬಿಕೆ. ಗಲ್ಲಾದವರು ಪತ್ರಿಕೆ ಕೆಳಗಿಳಿಸಿ, ಕಾಶಿ ಬೇರೆ, ಗಯೆ ಇರುವುದು ಬಿಹಾರದಲ್ಲೇ ಎಂದರು.

ಅಪ್ಪ ಎಲೆಯ ಮುಂದಿನಿಂದ ಎದ್ದರು. ಬೀದಿಗೆ ಹೋಗಿ ಗೋಡೆಗೆ ಒರಗಿ ನಿಂತರು. ನಾನು ಹಿಂದೆಯೇ ಓಡಿದೆ.

"ಬೆಳಿಗ್ಗೆ ನಾನು ಹೆಸರು ಹೇಳ್ದೆ. ಮಧ್ಯಾಹ್ನ ಅಲ್ಲಿ ನಡುಗ್ತು" ಎಂದರು.

ಅಜ್ಜಿ ನಿಧಾನವಾಗಿ ಕೈ ತೊಳೆದುಕೊಂಡು ಬಂದಳು. ಅವಳ ಮುಖವೂ ಬಿಳಿಚಿತ್ತು, ಆದರೆ ಗಂಟಲು ಎಂದಿನಂತೆಯೇ ಇತ್ತು.

"ನೀನು ಬಿಟ್ಟ ಎರಡು ಕಾಳು ಎಳ್ಳಿಗೆ ಅಷ್ಟು ದೊಡ್ಡ ಸೀಮೆ ನಡುಗ್ತಾ? ಅಷ್ಟು ದೊಡ್ಡ ಆಳೇನೋ ನೀನು? ಬೀದೀಲಿ ಒಂದು ಹಾಸಿನ ಪಾವು ನೆಟ್ಟಗೆ ಕಟ್ಟೋಕೆ ನಾಲ್ಕು ಜನ ಬೇಕು ನಿನಗೆ."

"ಈಗ್ಲೇ ಊರಿಗೆ ಹೋಗೋಣವ್ವಾ."

"ಹೋಗಿ? ನಾವು ಓಡಿದ್ರೆ ಅವರು ಬೇಗ ಬರ್ತಾರಾ? ಬೀದಿಯೋರೆಲ್ಲಾ ಬಂದು ನನ್ನ ಹಣೆ ನೋಡ್ತಾರೆ, ಅಷ್ಟೇ. ನಾಳೆ ಬೆಳಿಗ್ಗೆ ರೈಲು ಅಂತಲ್ವಾ? ನಾಳೇನೇ ಹೋಗೋಣ. ಬಾ ಕಣ್ಣೂ, ನೀರಿಗೆ ಹೋಗೋಣ."

ಆ ದಿನವೆಲ್ಲ ಅಜ್ಜಿ ಸೀರೆಯ ನೆರಿಗೆ ಮೇಲೆತ್ತಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದಳು. ಅಲೆ ಬಂದಾಗ ನನ್ನ ಭುಜ ಹಿಡಿಯುತ್ತಿದ್ದಳು, ಹೋದಾಗ ಬಿಡುತ್ತಿದ್ದಳು. ಒಮ್ಮೆ, "ತಂಪಾಗಿ ಅದೆ" ಎಂದಳು. ಅಪ್ಪ ದೂರದಲ್ಲಿ ಮರಳಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ನೀರಿನ ಹತ್ತಿರ ಬರಲಿಲ್ಲ.

ಊರಿಗೆ ಬಂದ ಮೇಲೆ ಅಜ್ಜಿ ಹೇಳಿದಂತೆಯೇ ಆಯಿತು. ಬಂದವರೆಲ್ಲಾ ಮೊದಲು ಅವಳ ಕುಂಕುಮ ನೋಡಿದರು, ಆಮೇಲೆ ಧೈರ್ಯ ಹೇಳಿದರು. ಅಪ್ಪ ಮಗ್ಗಕ್ಕೆ ಕೂತರೂ ಎಳೆಗಳು ಕಡಿಯುತ್ತಲೇ ಇದ್ದವು. ಅವರು ಅಷ್ಟು ಎಳೆ ಕಡಿದದ್ದನ್ನು ನಾನು ಕಂಡಿರಲಿಲ್ಲ.

ಅದೇ ವಾರದ ಕೊನೆಗೆ ಜವಳಿ ಅಂಗಡಿಯೊಂದಕ್ಕೆ ಕಾಶಿಯಿಂದ ತಂತಿ ಬಂತು. ನಮ್ಮ ಬೀದಿಯವರೆಲ್ಲ ಕ್ಷೇಮ. ಅಜ್ಜಿ ಕೇಳಿಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು. ಅಪ್ಪ ಅಂಗಡಿಯವರ ಕೈಯಿಂದ ತಂತಿಯನ್ನು ಇಸಿದುಕೊಂಡು, ಇಂಗ್ಲಿಷ್ ಬಾರದಿದ್ದರೂ, ಹಿಂದೆ ಮುಂದೆ ತಿರುಗಿಸಿ ನೋಡಿದರು.

ತಾತ ಬಂದದ್ದು ಮರುತಿಂಗಳು, ಮಾಸಿಯಲ್ಲಿ. ಗಯೆಯಲ್ಲಿ ಅವರು ನದಿಯ ಮರಳಿನಲ್ಲಿ ಕೂತಿದ್ದಾಗ ನೆಲ ಅಲುಗಿತಂತೆ. ಇಳಿದುಕೊಂಡಿದ್ದ ಮನೆಯ ಗೋಡೆ ಬಿರಿದಿತ್ತಂತೆ. ಬಡಗಣ ಊರುಗಳಿಂದ ರೈಲಿನಲ್ಲಿ ಬಂದಿಳಿಯುತ್ತಿದ್ದವರ ಬಗ್ಗೆ ಹೇಳತೊಡಗಿದವರು ಅರ್ಧಕ್ಕೇ ಎದ್ದು ಕಾಲು ತೊಳೆಯಲು ಹೋದರು.

ಎಳ್ಳುನೀರಿನ ಕಥೆಯನ್ನು ಅಜ್ಜಿ ಊಟಕ್ಕೆ ಬಡಿಸುತ್ತಾ ಹೇಳಿದಳು. ಅಪ್ಪ ತಲೆ ತಗ್ಗಿಸಿದರು. ತಾತ ಅನ್ನ ಕಲೆಸುವುದನ್ನು ನಿಲ್ಲಿಸಿ ಯೋಚಿಸಿದರು.

"ಅದಕ್ಕೇ ಆವತ್ತು ಬೆಳಿಗ್ಗೆ ನನಗೆ ಹಸಿವೇ ಆಗ್ಲಿಲ್ಲ!"

ಅಮ್ಮ ಅಡುಗೆಮನೆಗೆ ಓಡಿದಳು ನಗಲು. ಅಪ್ಪನೂ ಕಡೆಗೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಆದರೆ ತಾತ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. ಮರುದಿನ ಮಗ್ಗಕ್ಕೆ ಕೂತವರೇ, "ನನ್ನ ಮುತ್ತಜ್ಜನ ಹೆಸರು ಹೇಳು" ಎಂದರು. ಅಪ್ಪನಿಗೆ ಗೊತ್ತಿರಲಿಲ್ಲ. ತಾತ ಹೇಳಿಕೊಟ್ಟರು, ಅವರಾಚೆಯ ಇನ್ನೊಬ್ಬರದನ್ನೂ ಹೇಳಿಕೊಟ್ಟರು. ನಾನು ಕಂಡಿಕೆ ಪಕ್ಕಕ್ಕಿಟ್ಟು ಬರೆದುಕೊಂಡೆ.

"ಹೆಣ್ಣುಮಗಳು ನಿನಗ್ಯಾಕೆ ಕಣ್ಣೂ?" ಎಂದು ತಾತ ಕೇಳಿದರು.

"ಅಪ್ಪ ಮರೆತ್ರೆ ಯಾರು ಹೇಳ್ಕೊಡೋದು?"

"ಅದೂ ಸರಿ. ಬರ್ಕೋ."

ಎರಡು ಮಗ್ಗಗಳೂ ಒಟ್ಟಿಗೆ ಆಡತೊಡಗಿದವು. ಸದ್ದಿನ ನಡುವೆ ಅಪ್ಪ ಲಾಳಿ ಎಸೆದಾಗಲೆಲ್ಲ ಒಂದೊಂದು ಹೆಸರು ಹೇಳುತ್ತಿದ್ದರು. ತಪ್ಪಿದಾಗ ತಾತ ಪಕ್ಕದ ಮಗ್ಗದಿಂದ ತಲೆಯೆತ್ತದೆ ಕೂಗುತ್ತಿದ್ದರು: "ಅವನು ಈಚೆಯೋನು, ಇನ್ನೊಂದು ತಲೆಮಾರು ಆಚೆ ಹೋಗು!"